ನಮ್ಮೂರಿನಲ್ಲಿ ಕಲ್ಲಿದ್ದಲು ಎಲ್ಲಿದೆ?

(ಬಾನುಲಿ ಭಾಷಣ)

ನಾನು ಹುಟ್ಟಿದ ಮನೆ ಇಂದು ನೀರಿನ ಅಡಿಯಲ್ಲಿದೆ. ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳವರು ತಮ್ಮ ಪರಿಚಯವನ್ನು ಈ ಮಾತಿನಿಂದಲೇ ಆರಂಭಿಸುವುದು ಒಂದು ರೂಢಿಯಾಗಿಬಿಟ್ಟಿದೆ. ಆಲಮಟ್ಟಿಯ ಜಲಾಶಯ 519.6 ಮೀಟರಿನ ಮಟ್ಟಕ್ಕೆ ತುಂಬುವಂತಾದಾಗ ಆ ಓಣಿಗಳು ಮುಳುಗಿದವು. ನಾವು ನವನಗರಕ್ಕೆ ಬಂದೆವು. 'ಮುಳುಗಡೆ' ಎಂಬ ಶಬ್ದಕ್ಕೆ ನಿಘಂಟಿನಲ್ಲಿ ಯಾವ ಅರ್ಥವೇ ಇರಲಿ, ನಮ್ಮ ಜಿಲ್ಲೆಯಲ್ಲಿ ಅದು ಜನರ ಒಂದು ವರ್ಗದ ಹೆಸರು. ನಮ್ಮ ತಂದೆಯವರು ಪರಿಹಾರದ ಕಾಗದಗಳನ್ನು ಕೈಯಲ್ಲಿ ಹಿಡಿದುಕೊಂಡು ಅಂದು ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ಹೋಗಲಿ ಬಿಡಪಾ, ನಾಕು ಮಂದಿ ಹೊಲಕ್ಕ ನೀರಾತು, ಮನಿಗೆ ದೀಪಾತು." ಆಲಮಟ್ಟಿಯ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವಾಟ್. ಅಲ್ಲಿ ಏನನ್ನೂ ಉರಿಸುವುದಿಲ್ಲ. ಬೀಳುವ ನೀರೇ ಬೆಳಕಾಗುತ್ತದೆ. ಮನೆ ಹೋದ ದುಃಖವಿದ್ದರೂ, ತಂದೆಯವರ ಲೆಕ್ಕ ಅಲ್ಲಿಯವರೆಗೆ ಸರಿಯಾಗಿಯೇ ಇತ್ತು.

ಆ ಲೆಕ್ಕ ತಪ್ಪಿದ್ದು ಮುಂದೆ. ಅದೇ ಜಲಾಶಯದ ನೀರನ್ನು ನದಿಯ ಆಚೆಯ ದಂಡೆಗೆ ಒಯ್ದು, ಬಸವನ ಬಾಗೇವಾಡಿಯ ಸೀಮೆಯ ಕೂಡಗಿ ಎಂಬಲ್ಲಿ, ಕಲ್ಲಿದ್ದಲಿನ ಉರಿಯಲ್ಲಿ ಕುದಿಸುವ ಯೋಜನೆ ಬಂದಿತು. ತಲಾ 800 ಮೆಗಾವಾಟಿನ ಮೂರು ಘಟಕಗಳು. ಒಟ್ಟು 2400 ಮೆಗಾವಾಟ್. ಅಲ್ಲಿಯ ರೈತರು ವಿರೋಧಿಸಿದರು. ತಮ್ಮ ಬೆಳೆಯುವ ಭೂಮಿಯನ್ನು ಕಾಗದದಲ್ಲಿ ಬಂಜರೆಂಬಂತೆ ತೋರಿಸಲಾಗಿದೆ ಎಂಬುದು ಅವರ ಆಕ್ಷೇಪಗಳಲ್ಲಿ ಮುಖ್ಯವಾದುದು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. 2014ರ ಮಾರ್ಚ್ ತಿಂಗಳಲ್ಲಿ ಮಂಡಳಿಯು ಪರಿಸರ ಅನುಮತಿಯನ್ನು ತಡೆಹಿಡಿದು, ವಿಷಯವನ್ನು ಮರುಪರಿಶೀಲಿಸುವಂತೆ ಆದೇಶಿಸಿತು. ಅದೇ ವರ್ಷದ ಜುಲೈಯಲ್ಲಿ ಪ್ರತಿಭಟನೆ ಉಗ್ರರೂಪ ತಾಳಿ, ಪೊಲೀಸರು ಗುಂಡು ಹಾರಿಸಿದರು, ಜನ ಗಾಯಗೊಂಡರು. ಆದರೂ ಸ್ಥಾವರ ನಿಂತಿತು. 2017 ಮತ್ತು 2018ರಲ್ಲಿ ಮೂರೂ ಘಟಕಗಳು ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದವು.

ಅಂದು ನಾನು ಏನು ಮಾಡುತ್ತಿದ್ದೆ? ಕಾಲೇಜಿನಲ್ಲಿ ವಚನ ಸಾಹಿತ್ಯದ ಪಾಠ ಹೇಳುತ್ತಿದ್ದೆ. ಬಸವಣ್ಣನವರು ಹುಟ್ಟಿದ್ದು ಆ ಬಾಗೇವಾಡಿಯಲ್ಲಿ. ಐಕ್ಯರಾದದ್ದು ಈ ದಂಡೆಯ, ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ. ಈ ಎರಡು ಊರುಗಳ ಹೆಸರನ್ನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಆ ಸೀಮೆಯಲ್ಲಿ ಗುಂಡು ಹಾರಿದ ಸುದ್ದಿಯನ್ನು ಓದಿ, ಪತ್ರಿಕೆಯನ್ನು ಮಡಿಚಿಟ್ಟು ತರಗತಿಗೆ ಹೋದೆ. ಇದನ್ನು ಮೊದಲು ಒಪ್ಪಿಕೊಳ್ಳದೆ ಮುಂದಿನ ಮಾತುಗಳನ್ನು ಆಡುವ ಅಧಿಕಾರ ನನಗಿಲ್ಲ.

ಮಡಿಚಿಟ್ಟ ಸುದ್ದಿ ಮನೆಯ ಬಾಗಿಲಿಗೆ ಬಂದದ್ದು ನೀರಿನ ರೂಪದಲ್ಲಿ. 2009ರ ಅಕ್ಟೋಬರಿನ ಪ್ರವಾಹವನ್ನು ನಮ್ಮ ಭಾಗದವರು ಮರೆತಿಲ್ಲ. ಅದರ ನಂತರ ಕಟ್ಟಿದ 'ಆಸರೆ' ಮನೆಗಳು ಇಂದಿಗೂ ಅದರ ಗುರುತಾಗಿ ನಿಂತಿವೆ. ಹತ್ತು ವರ್ಷ ಕಳೆದು, 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಉಕ್ಕಿತು. ಬಾದಾಮಿ ತಾಲೂಕಿನ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ನುಗ್ಗಿತು. ಈ ಎರಡು ಪ್ರವಾಹಗಳ ನಡುವಿನ ವರ್ಷಗಳಲ್ಲಿ ಇದೇ ತಾಲೂಕುಗಳು ಬರಗಾಲವನ್ನೂ ಕಂಡವು. ಒಂದು ಪ್ರವಾಹಕ್ಕೆ ಒಂದೇ ಕಾರಣವೆಂದು ಹೇಳುವುದು ಅವಸರದ ಮಾತಾದೀತು. ಅಣೆಕಟ್ಟಿನಿಂದ ನೀರು ಬಿಡುವ ಕ್ರಮ, ಹಳ್ಳಗಳ ಒತ್ತುವರಿ, ಇವೆಲ್ಲವೂ ಅದರಲ್ಲಿ ಸೇರಿವೆ. ಆದರೆ ಗಾಳಿಯ ಶಾಖ ಒಂದು ಡಿಗ್ರಿ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ತೇವ ಶೇಕಡಾ 7ರಷ್ಟು ಹೆಚ್ಚುತ್ತದೆ ಎಂಬುದು ಭೌತವಿಜ್ಞಾನದ ಸಾಮಾನ್ಯ ಪಾಠ. ಬೇಗ ಒಣಗಿಸುವ ಗಾಳಿಯೂ ಅದೇ, ಸುರಿದರೆ ಒಮ್ಮೆಲೇ ಸುರಿಸುವ ಗಾಳಿಯೂ ಅದೇ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲುಗಳ ಹೊಗೆ ಆ ಶಾಖದ ಮುಖ್ಯ ಕಾರಣ ಎಂಬುದರಲ್ಲಿ ಇಂದು ವಿಜ್ಞಾನಿಗಳಿಗೆ ಸಂಶಯವಿಲ್ಲ.

ನಿವೃತ್ತನಾದ ಮೇಲೆ ನಾನು ಹುನಗುಂದ ಭಾಗದ ಒಂದು ಹಳ್ಳಿಯಲ್ಲಿ, ಹೆಂಡತಿಯ ತವರಿನ ಹೊಲದ ಪಕ್ಕದಲ್ಲಿ ನೆಲೆಸಿದೆ. ಅಲ್ಲಿ ನಾವು ನಾಲ್ಕಾರು ಮಂದಿ ಕೂಡಿದೆವು: ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕರು, ಇಬ್ಬರು ರೈತರು, ಮಹಿಳಾ ಸಂಘದ ಮೂವರು ಹೆಣ್ಣುಮಕ್ಕಳು. ದಿಲ್ಲಿಗೂ ಬೆಂಗಳೂರಿಗೂ ಪತ್ರ ಬರೆಯುವವರು ಬಹಳ ಜನ ಇದ್ದಾರೆ. ನಾವು ನಮ್ಮ ಗ್ರಾಮ ಪಂಚಾಯತಿಗೇ ಬರೆಯೋಣ ಎಂದು ನಿಶ್ಚಯಿಸಿದೆವು. ಇದಕ್ಕೆ ಆಧಾರವುಂಟು. 1992ರ ತಿದ್ದುಪಡಿಗಳಿಂದ ಸಂವಿಧಾನಕ್ಕೆ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಿಕೊಡಬಹುದಾದ 29 ವಿಷಯಗಳಿವೆ. ಹನ್ನೆರಡನೆಯದು ಇಂಧನ ಮತ್ತು ಮೇವು. ಹದಿನಾಲ್ಕನೆಯದು ಗ್ರಾಮೀಣ ವಿದ್ಯುದೀಕರಣ. ಹದಿನೈದನೆಯದು ಅಸಾಂಪ್ರದಾಯಿಕ ಶಕ್ತಿಮೂಲಗಳು, ಅಂದರೆ ಬಿಸಿಲು, ಗಾಳಿ, ಗೋಬರ್ ಅನಿಲ ಇತ್ಯಾದಿ. ಹಳ್ಳಿಯ ಸರ್ಕಾರಕ್ಕೂ ಇಂಧನಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಸಂವಿಧಾನವೇ ಉತ್ತರ ಕೊಟ್ಟಿದೆ.

ಅರ್ಜಿ ಬರೆಯುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂದಿತು. ಕನ್ನಡದ ಅಧ್ಯಾಪಕನಲ್ಲವೆ? ಎರಡು ದಿನ ಕುಳಿತು, ತತ್ಸಮ ಪದಗಳನ್ನು ಪೋಣಿಸಿ, ಮೂರು ಪುಟಗಳ ಒಂದು ಅರ್ಜಿಯನ್ನು ಸಿದ್ಧಪಡಿಸಿದೆ. ಗ್ರಾಮಸಭೆಯಲ್ಲಿ ಅದನ್ನು ಓದಿದಾಗ ಜನ ಬಹಳ ಗೌರವದಿಂದ ಕೇಳಿದರು. ಮುಗಿದ ಮೇಲೆ ವೃದ್ಧೆಯೊಬ್ಬಳು ಎದ್ದು ನಿಂತು ಕೇಳಿದಳು: "ಅಲ್ರೀ ಮಾಸ್ತರ, ಈ ಜೀವಾಶ್ಮ ಅಂದ್ರ ಏನ್ರಿ? ಯಾರದರ ಜೀವಾ ಹೋಗೇತೇನ್ರಿ?" ಸಭೆ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದು ಯೋಚಿಸಿದಾಗ, ಆಕೆಯ ಅರ್ಥ ನನ್ನ ಅರ್ಥಕ್ಕಿಂತ ಬಹಳ ದೂರದ್ದೇನೂ ಅಲ್ಲ ಎನಿಸಿತು. ಕೋಟ್ಯಂತರ ವರ್ಷಗಳ ಹಿಂದೆ ಜೀವ ಹೋದ ಗಿಡಮರಗಳೇ ನೆಲದಡಿಯಲ್ಲಿ ಒತ್ತಿ ಕಲ್ಲಿದ್ದಲಾದುದು. ಅದನ್ನು ಅಗೆದು ಸುಡುವುದರಿಂದ ಈಗ ಇರುವವರ ಜೀವಕ್ಕೆ ಕುತ್ತು ಬಂದಿರುವುದು. ಆದರೆ ಈ ವಿವರಣೆ ನನ್ನ ಅರ್ಜಿಯಲ್ಲಿ ಇರಲಿಲ್ಲ. ವಚನಕಾರರು ಸಂಸ್ಕೃತವನ್ನು ಬಿಟ್ಟು ಕನ್ನಡಕ್ಕೆ ಏಕೆ ಬಂದರು ಎಂಬ ಪ್ರಶ್ನೆಯನ್ನು ಪ್ರತಿ ವರ್ಷ ಪರೀಕ್ಷೆಯಲ್ಲಿ ಕೇಳುತ್ತಿದ್ದವನಿಗೆ, ಉತ್ತರ ದೊರೆತದ್ದು ಆ ದಿನ.

ಅಧ್ಯಕ್ಷರು ಒಳ್ಳೆಯವರು, ಆದರೆ ವ್ಯವಹಾರದ ಮನುಷ್ಯ. ಅವರು ಒಂದೇ ಮಾತು ಕೇಳಿದರು: "ಸರ್ರ, ನಮ್ಮೂರಾಗ ಕಲ್ಲಿದ್ದಲಿ ಎಲ್ಲೈತ್ರಿ? ನೀವ ತೋರಸ್ರಿ, ಈಗ ಬಂದ್ ಮಾಡೂಣು." ನನಗೆ ಉತ್ತರ ಹೊಳೆಯಲಿಲ್ಲ. ಅರ್ಜಿಯನ್ನು ಮಡಿಚಿಕೊಂಡು ಬಂದೆ. ಮಡಿಚುವುದು ನನಗೆ ಅಭ್ಯಾಸವಾಗಿತ್ತು.

ಉತ್ತರವನ್ನು ಹುಡುಕಿಕೊಟ್ಟವರು ವಿಜ್ಞಾನ ಶಿಕ್ಷಕರು. ಅವರು ಪಂಚಾಯತಿಯ ಕುಡಿಯುವ ನೀರಿನ ಮೋಟಾರಿನ ಹತ್ತಿರ ಹೋಗಿ, ಅದರ ತಗಡಿನ ಪಟ್ಟಿಯನ್ನು ಓದಿಕೊಂಡು ಬಂದರು. ಐದು ಅಶ್ವಶಕ್ತಿಯ ಮೋಟಾರು. ದಿನಕ್ಕೆ ಆರು ಗಂಟೆ ಓಡಿದರೆ ಸುಮಾರು 22 ಯೂನಿಟ್ ವಿದ್ಯುತ್ತು. ಒಂದು ಯೂನಿಟ್ಟನ್ನು ನಮ್ಮ ದೇಶದ ಕಲ್ಲಿದ್ದಲಿನಿಂದ ಹುಟ್ಟಿಸಲು ಹೆಚ್ಚುಕಡಿಮೆ 600 ಗ್ರಾಂ ಸುಡಬೇಕು. ಹಾಗಾದರೆ ದಿನಕ್ಕೆ 13 ಕಿಲೋ. ವರ್ಷಕ್ಕೆ ಸುಮಾರು ಐದು ಟನ್. ಮುಂದಿನ ಗ್ರಾಮಸಭೆಯಲ್ಲಿ ಅವರು ಇದನ್ನು ಹೇಳಿದ ರೀತಿ ಹೀಗಿತ್ತು: "ಅಧ್ಯಕ್ಷರ, ಕಲ್ಲಿದ್ದಲಿ ಎಲ್ಲೈತಿ ಅಂತ ಕೇಳಿದ್ರಿ. ನಮ್ಮ ನೀರಿನ ಟಾಕಿ ಮುಂದ ವರ್ಷಕ್ಕ ಐದು ಚಕ್ಕಡಿ ಕಲ್ಲಿದ್ದಲಿ ಸುರಿಸಿ, ಬೆಂಕಿ ಹಚ್ಚಿದಂಗ ಆತ್ರಿ. ಒಂದೂವರಿ ಚಕ್ಕಡಿ ಬೂದಿ ಉಳಿತೈತಿ. ಅದು ನಮ್ಮ ಅಂಗಳದಾಗ ಬೀಳೂದಿಲ್ಲ, ಹೊಳಿ ಆಚೆ ರೈತರ ಹೊಲದ ಮಗ್ಗಲ ಬೀಳತೈತಿ."

ಅವರು ಪ್ರಾಮಾಣಿಕರು. ತಂತಿಯಲ್ಲಿ ಬರುವ ವಿದ್ಯುತ್ತೆಲ್ಲ ಕಲ್ಲಿದ್ದಲಿನದಲ್ಲ, ಅದರಲ್ಲಿ ನೀರಿನದು, ಗಾಳಿಯದು, ಬಿಸಿಲಿನದು ಬೆರೆತಿರುತ್ತದೆ ಎಂಬುದನ್ನೂ ಹೇಳಿದರು. ಆದರೆ ದೇಶದ ಒಟ್ಟು ವಿದ್ಯುತ್ತಿನಲ್ಲಿ ಮುಕ್ಕಾಲು ಭಾಗದ ಸಮೀಪ ಕಲ್ಲಿದ್ದಲಿನದೇ ಎಂಬುದನ್ನು ಕೇಳಿದ ಮೇಲೆ, ಚಕ್ಕಡಿಯ ಚಿತ್ರ ಯಾರ ಮನಸ್ಸಿನಿಂದಲೂ ಅಳಿಯಲಿಲ್ಲ. ಇನ್ನೊಂದು ಮಾತನ್ನು ಅವರು ಸೇರಿಸಿದರು. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವಾಟ್ ಸೌರಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಐದಾರು ಕಿಲೋವಾಟಿನ ಫಲಕಗಳಿದ್ದರೆ ಆ ಮೋಟಾರು ಹಗಲು ಹೊತ್ತು ಬಿಲ್ಲಿಲ್ಲದೆ ಓಡುತ್ತದೆ. 'ಬಿಲ್ಲಿಲ್ಲದೆ' ಎಂಬ ಶಬ್ದಕ್ಕೆ ಅಧ್ಯಕ್ಷರು ತಲೆಯೆತ್ತಿದರು. ಬೀದಿದೀಪ ಮತ್ತು ನೀರಿನ ವಿದ್ಯುತ್ ಬಾಕಿಯ ಭಾರ ಏನೆಂಬುದನ್ನು ಪಂಚಾಯತಿ ನಡೆಸಿದವರೇ ಬಲ್ಲರು.

ಅಂದು ಮೂರು ಸಾಲಿನ ಒಂದು ಠರಾವು ಆಯಿತು. ಒಂದು, ನೀರಿನ ಮೋಟಾರನ್ನೂ ಬೀದಿದೀಪಗಳನ್ನೂ ಹಂತಹಂತವಾಗಿ ಬಿಸಿಲಿನ ಶಕ್ತಿಗೆ ತರುವುದು. ಎರಡು, ಪಂಚಾಯತಿಯ ಹೊಸ ಕಟ್ಟಡಗಳ ಮಾಳಿಗೆಯನ್ನು ಇದಕ್ಕೆ ಒದಗುವಂತೆ ಕಟ್ಟುವುದು. ಮೂರು, ಕಲ್ಲಿದ್ದಲನ್ನು ಸುಡುವ ಯಾವ ಹೊಸ ಯೋಜನೆಯನ್ನೂ ಆಯಾ ಊರಿನ ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ತರಬಾರದೆಂದು ಜಿಲ್ಲಾ ಪಂಚಾಯತಿಗೆ ಕೇಳಿಕೊಳ್ಳುವುದು. ಈ ಸಲ ಅದನ್ನು ನಾನು ಬರೆಯಲಿಲ್ಲ. ಹೆಣ್ಣುಮಕ್ಕಳು ಹೇಳಿದರು, ಅಭಿವೃದ್ಧಿ ಅಧಿಕಾರಿಗಳು ಬರೆದುಕೊಂಡರು. 'ಜೀವಾಶ್ಮ' ಎಂಬ ಶಬ್ದ ಅದರಲ್ಲಿ ಎಲ್ಲಿಯೂ ಇಲ್ಲ.

ಎಲ್ಲರೂ ಒಪ್ಪಿದರು ಎಂದು ಹೇಳಿದರೆ ಸುಳ್ಳಾದೀತು. ಇಳಕಲ್ಲಿಗೆ ಸೀರೆ ನೇಯ್ದು ಕೊಡುವ ತರುಣನೊಬ್ಬ ನನ್ನನ್ನು ನೇರವಾಗಿಯೇ ಕೇಳಿದ: "ಕರೆಂಟ್ ಬ್ಯಾಡಂದ್ರ ನಮ್ಮ ಮಗ್ಗಾ ನಿಂದರ್ತಾವ್ರಿ ಸರ್ರ. ನಿಮಗೇನು, ಪೆನ್ಶನ್ ಐತಿ." ಈ ಮಾತು ನನ್ನನ್ನು ನಾಟಿತು. ಅವನ ಅಜ್ಜ ಕುಣಿಮಗ್ಗದಲ್ಲಿ ಕೂತು ಕೈಕಾಲಿನ ಬಲದಿಂದ ನೇಯುತ್ತಿದ್ದ; ಅದಕ್ಕೆ ಯಾವ ಇಂಧನವೂ ಬೇಕಿರಲಿಲ್ಲ. ಆದರೆ ಮೊಮ್ಮಗನನ್ನು ಮತ್ತೆ ಆ ಕುಣಿಗೆ ಇಳಿ ಎಂದು ಹೇಳುವ ಹಕ್ಕು, ಫ್ಯಾನಿನ ಕೆಳಗೆ ಕುಳಿತು ಓದುವ ನನಗೆ ಇಲ್ಲ. ಕಲ್ಲಿನ ಗಣಿಗಳಲ್ಲಿ ದುಡಿಯುವವರಿಗೂ ಇದೇ ಮಾತು ಅನ್ವಯಿಸುತ್ತದೆ. ವಿದ್ಯುತ್ತು ಬೇಡವೆಂದು ಯಾರೂ ಹೇಳುವುದಿಲ್ಲ. ಅದು ಎಲ್ಲಿಂದ ಬರಬೇಕು, ಯಾರ ನೆಲದಿಂದ, ಯಾರನ್ನು ಕೇಳಿ ಎಂಬುದಷ್ಟೇ ಪ್ರಶ್ನೆ. ಬಿಸಿಲಿಗೂ ನೆಲ ಬೇಕಲ್ಲ ಎಂದು ಆ ತರುಣ ಮತ್ತೆ ಕೇಳಿದ. ಬೇಕು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2018ರಲ್ಲಿ ಆರಂಭವಾದ ಸೌರ ಉದ್ಯಾನಕ್ಕೆ ಸುಮಾರು 13 ಸಾವಿರ ಎಕರೆ ಹಿಡಿಯಿತು. 2050 ಮೆಗಾವಾಟಿನ ಸಾಮರ್ಥ್ಯ. ಆದರೆ ಅಲ್ಲಿ ರೈತರ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಲಾವಣಿಗೆ ಪಡೆದರು. ಉತಾರದಲ್ಲಿ ಹೆಸರು ರೈತನದೇ ಉಳಿಯಿತು. ಅಲ್ಲಿಯೂ ಭೂಮಿಯಿಲ್ಲದ ಕೂಲಿಯವರ ಪಾಲಿಗೆ ಏನು ಬಂದಿತು ಎಂಬ ಪ್ರಶ್ನೆ ಉಳಿದೇ ಇದೆ. ಇಂಧನ ಬದಲಾದರೆ ನ್ಯಾಯ ತಾನಾಗಿ ಬರುವುದಿಲ್ಲ. ಅದನ್ನೂ ಸಭೆಯಲ್ಲಿ ಕುಳಿತೇ ಕೇಳಬೇಕಾಗುತ್ತದೆ.

ಹಳ್ಳಿಯಲ್ಲಿ ಇಷ್ಟಾದ ಮೇಲೆ ಪಟ್ಟಣಕ್ಕೂ ಹೋಗೋಣವೆಂದು ನಮಗೆ ಹುರುಪು ಬಂದಿತು. ಊರಿನ ಹೆಸರು ಬೇಡ. ಅದು ಒಂದೂರಿನ ಕಥೆಯಲ್ಲ. ಅಲ್ಲಿಯ ಕಚೇರಿಯಲ್ಲಿ ನಮ್ಮ ಅರ್ಜಿಯ ಮೇಲೆ 'ಈ ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಷರಾ ಬರೆದು ಹಿಂದಿರುಗಿಸಿದರು. ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಣಗಳ ಆಡಳಿತಕ್ಕೆ ಸಂಬಂಧಿಸಿದ 18 ವಿಷಯಗಳಿವೆ. ಪರಿಸರದ ರಕ್ಷಣೆ ಅವುಗಳಲ್ಲಿ ಒಂದು, ಬೀದಿದೀಪ ಇನ್ನೊಂದರಲ್ಲಿ ಸೇರಿದೆ. ಅದನ್ನು ನಕಲು ಮಾಡಿ, ಅದೇ ಅರ್ಜಿಗೆ ಹೊಲಿದು, ಮತ್ತೆ ಕೊಟ್ಟು ಬಂದಿದ್ದೇವೆ. ಸ್ವೀಕೃತಿ ಸಿಕ್ಕಿದೆ, ಉತ್ತರ ಇನ್ನೂ ಬಂದಿಲ್ಲ.

ಪಂಚಾಯತಿಯ ಒಂದು ಠರಾವಿಗೆ ಕೂಡಗಿಯ ಬೆಂಕಿ ಆರೀತೆ ಎಂದು ಸ್ನೇಹಿತರು ಹಾಸ್ಯ ಮಾಡುತ್ತಾರೆ. ಆರುವುದಿಲ್ಲ. ಅಷ್ಟು ಅಧಿಕಾರ ಅದಕ್ಕಿಲ್ಲ. ಆದರೆ ಠರಾವಿನ ಬಲವನ್ನು ನಮ್ಮ ನಾಡು ಹಿಂದೆ ಕಂಡಿದೆ. 1980ರ ದಶಕದಲ್ಲಿ, ಕಾಗದ ಮತ್ತು ನೂಲಿನ ಕಾರ್ಖಾನೆಗೆ ನೀಲಗಿರಿ ಬೆಳೆಯಲೆಂದು ಸುಮಾರು 75 ಸಾವಿರ ಎಕರೆ ಸಾರ್ವಜನಿಕ ಭೂಮಿಯನ್ನು ಒಂದು ಕಂಪನಿಗೆ ಒಪ್ಪಿಸುವ ಯೋಜನೆ ಬಂದಾಗ, ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಸೇರಿ, ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಅದಕ್ಕೆ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹವೆಂದು ಹೆಸರಾಯಿತು. ಆಗ ತಾನೇ ಹುಟ್ಟಿದ್ದ ಮಂಡಲ ಪಂಚಾಯತಿಗಳು ಯೋಜನೆಯ ವಿರುದ್ಧ ಠರಾವುಗಳನ್ನು ಮಾಡಿದವು. ಶಿವರಾಮ ಕಾರಂತರು ಮೊದಲಾದವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಮುಂದೆ 2007ರಲ್ಲಿ ಮೈಸೂರು ಜಿಲ್ಲೆಯ ಚಾಮಲಾಪುರದಲ್ಲಿ ಕಲ್ಲಿದ್ದಲಿನ ಸ್ಥಾವರದ ಮಾತು ಎದ್ದಾಗಲೂ, ಊರವರು ಗಟ್ಟಿಯಾಗಿ ನಿಂತುದರಿಂದ ಸರ್ಕಾರ ಅದನ್ನು ಕೈಬಿಡಬೇಕಾಯಿತು. ಚಾಮಲಾಪುರದ ರೈತರಿಗೆ ಇದ್ದು ಕೂಡಗಿಯ ರೈತರಿಗೆ ಇಲ್ಲದ ಧೈರ್ಯ ಯಾವುದೂ ಇಲ್ಲ. ಚಾಮಲಾಪುರದವರಿಗೆ ಮೈಸೂರಿನ ಪಟ್ಟಣದವರು ದನಿಗೂಡಿಸಿದರು. ಕೂಡಗಿಯವರಿಗೆ ಆಸುಪಾಸಿನ ನಾವು, ಓದಿದವರು, ಜೊತೆಯಾಗಲಿಲ್ಲ. ಇದು ಇತಿಹಾಸಕಾರನ ತೀರ್ಪಲ್ಲ. ಅಂದು ಪತ್ರಿಕೆಯನ್ನು ಮಡಿಚಿಟ್ಟವನೊಬ್ಬನ ಮಾತು.

ನಮ್ಮ ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೊರಟರು. ಕಾಳು ಬೇಡಲಿಲ್ಲ, ಹಣ ಬೇಡಲಿಲ್ಲ. ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿರಿ ಎಂದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ವ್ಯಸನಮುಕ್ತ ದಿನವೆಂದು ಆಚರಣೆಯಲ್ಲಿದೆ. ಅವರು ಎಂದೂ ಹೆಂಡದ ಕಾರ್ಖಾನೆಯ ಬಾಗಿಲಿನಿಂದ ಆರಂಭಿಸಲಿಲ್ಲ; ಕುಡಿಯುವವನ ಹೊಸ್ತಿಲಿನಿಂದ ಆರಂಭಿಸಿದರು. ಹಾಗೆಂದು ಕಾರ್ಖಾನೆಯವನ ಹೊಣೆ ಕಡಿಮೆಯಾಗಲಿಲ್ಲ. ಕಲ್ಲಿದ್ದಲಿನ ವಿಷಯದಲ್ಲಿ ನಮ್ಮ ಹೊಸ್ತಿಲು ಎಂದರೆ ನಮ್ಮ ಪಂಚಾಯತಿ, ನಮ್ಮ ನಗರಸಭೆ. ಅಲ್ಲಿ ಕೇಳಲು ಕಲಿಯದವನು ಅದಕ್ಕಿಂತ ದೊಡ್ಡ ಬಾಗಿಲನ್ನು ತಟ್ಟಲಾರ.

ಕೊನೆಗೆ, ಆ ಠರಾವು ಏನಾಯಿತು ಎಂಬುದನ್ನು ಹೇಳಿ ಮುಗಿಸುತ್ತೇನೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಕೂಡಬೇಕೆಂಬುದು ನಿಯಮ. ಮುಂದಿನ ಸಭೆ ಕೂಡಿದಾಗ ಹೊಸ ವಿಷಯಗಳ ಪಟ್ಟಿಯನ್ನು ಓದತೊಡಗಿದರು. 'ಜೀವಾಶ್ಮ'ದ ಅರ್ಥ ಕೇಳಿದ ಆ ವೃದ್ಧೆಯೇ ಎದ್ದು ನಿಂತಳು: "ಹಿಂದಿನ ಸಭಾದಾಗ ಬರದದ್ದು ಓದ್ರಿ ಮೊದಲ. ಆಮ್ಯಾಲ ಹೊಸಾದು ಬರೀರಿ." ಪುಸ್ತಕ ತೆರೆಯಲೇಬೇಕಾಯಿತು. ಆಸರೆ ಮನೆಗಳ ಸಾಲಿನಲ್ಲಿ ಹನ್ನೆರಡು ದೀಪಗಳು ಬಿಸಿಲಿನಿಂದ ಉರಿಯುತ್ತಿವೆ, ಅವುಗಳಲ್ಲಿ ಎರಡು ಕೆಟ್ಟಿವೆ ಎಂದು ಓದಿದರು. ಮೋಟಾರಿನ ಕಾಗದ ತಾಲೂಕಿನಲ್ಲಿದೆ ಎಂದರು. ಜಿಲ್ಲಾ ಪಂಚಾಯತಿಗೆ ಹೋದ ಮೂರನೆಯ ಕಲಮಿಗೆ ಉತ್ತರ ಬಂದಿಲ್ಲ ಎಂದರು. ಆಕೆ ಕುಳಿತುಕೊಳ್ಳಲಿಲ್ಲ. "ಉತ್ತರ ಬಂದಿಲ್ಲ ಅಂತನೂ ಬರೀರಿ," ಎಂದಳು.

ಬರೆದರು. ಆ ಸಾಲು ಈಗ ನಮ್ಮೂರಿನ ಪಂಚಾಯತಿಯ ಪುಸ್ತಕದಲ್ಲಿದೆ. ಮುಂದಿನ ಗ್ರಾಮಸಭೆ ಅಲ್ಲಿಂದಲೇ ಆರಂಭವಾಗಬೇಕು. ನಿಮ್ಮ ಊರಿನ ಪುಸ್ತಕದಲ್ಲಿ ಅಂಥದೊಂದು ಸಾಲು ಇದೆಯೇ ಎಂದು, ಶ್ರೋತೃಗಳೆ, ಒಮ್ಮೆ ಹೋಗಿ ನೋಡಿರಿ. ಇಲ್ಲದಿದ್ದರೆ ಬರೆಯಿಸಿರಿ.